ಪಟ್ಟಣದ ಟಂಕಸಾಲೆಯ ಬೆಳ್ಳಿ ನಾಣ್ಯಗಳು

ಮಳವಳ್ಳಿಯ ಸೀಮೆಯ ಒಂದು ಹಳ್ಳಿಯಿಂದ ನಮ್ಮ ಪಾಠಶಾಲೆಗೆ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಚರಿತ್ರೆಯ ಪಾಠದ ವೇಳೆಯಲ್ಲಿ ಕರವಸ್ತ್ರದ ಗಂಟನ್ನು ಬಿಚ್ಚಿ, ಕಪ್ಪಿಟ್ಟ ಬೆಳ್ಳಿಯ ಬಿಲ್ಲೆಯೊಂದನ್ನು ನಮ್ಮ ಮುಂದಿಟ್ಟಳು. ಅದು ಅವಳ ಅಜ್ಜಿಯ ಪೆಟ್ಟಿಗೆಯಲ್ಲಿ ಬಹು ಕಾಲದಿಂದ ಇದ್ದುದಂತೆ. ಅಕ್ಕನ ಮದುವೆಯು ಸಮೀಪಿಸಿದ್ದುದರಿಂದ, ಅದನ್ನು ಕರಗಿಸಿ ಕಾಲುಂಗುರ ಮಾಡಿಸಬೇಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಕ್ಕಸಾಲಿಗನು ತೂಗಿ ನೋಡಿ, ಬೆಳ್ಳಿಯು ಒಳ್ಳೆಯದು, ಹನ್ನೊಂದು ಗ್ರಾಮಿಗೆ ಸ್ವಲ್ಪ ಹೆಚ್ಚಿದೆ ಎಂದು ಹೇಳಿದ್ದನು. ಕರಗಿಸುವುದಕ್ಕೆ ಮುಂಚೆ ಇದರ ಮೇಲೆ ಏನು ಬರೆದಿದೆಯೆಂಬುದನ್ನು ತಿಳಿಯಬೇಕೆಂದು ಹುಡುಗಿಗೆ ಆಸೆಯಾಯಿತು. ಅಜ್ಜಿಯು ಎಂಟು ದಿನದ ಅವಕಾಶವನ್ನು ಕೊಟ್ಟಿದ್ದರು.

ಅವಳ ಪ್ರಶ್ನೆಗೆ ಕೂಡಲೆ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ. ಬಿಲ್ಲೆಯ ಎರಡು ಮುಖಗಳಲ್ಲಿಯೂ ಚಿತ್ರವೆಂಬುದು ಇರಲಿಲ್ಲ. ಪಾರಸಿ ಅಕ್ಷರಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದುವು. ಆ ಅಂಕೆಗಳನ್ನು ಬಲ್ಲ ಮತ್ತೊಬ್ಬ ಹುಡುಗಿಯು ಓದಿ, 6121 ಎಂದಳು. ಕಲಿಯುಗದ ಲೆಕ್ಕವನ್ನು ಹಿಡಿದರೂ ಅಷ್ಟು ವರ್ಷಗಳು ಇನ್ನೂ ಸಂದಿಲ್ಲವಷ್ಟೆ! ಕೊನೆಗೆ, ಉರ್ದು ಪಾರಸಿಗಳನ್ನು ಬಲ್ಲ ವಿದ್ಯಾರ್ಥಿನಿಯೊಬ್ಬಳ ತಂದೆಯವರ ನೆರವಿನಿಂದಲೂ, ನಾಣ್ಯಶಾಸ್ತ್ರವನ್ನು ಕುರಿತ ಪುಸ್ತಕಗಳ ನೆರವಿನಿಂದಲೂ ನಾವು ಅದನ್ನು ಓದಿದೆವು. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳೆಯ ಮನೆಗಳಲ್ಲಿ ಇಂಥ ಬಿಲ್ಲೆಗಳು ಇನ್ನೂ ಇರಬಹುದಾದುದರಿಂದ, ನಾವು ತಿಳಿದುಕೊಂಡುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ವಿವರಿಸುವೆವು.

ಮೊದಲು ಇದು ಹುಟ್ಟಿದ ಸ್ಥಳವನ್ನು ಹೇಳಬೇಕು. ಬಿಲ್ಲೆಯ ಮೇಲೆ 'ಪಟನ್' ಎಂಬ ಮಾತಿತ್ತು. ಅದು ಶ್ರೀರಂಗಪಟ್ಟಣ. ನಮ್ಮ ಸೀಮೆಯ ಹಿರಿಯರು ಇಂದಿಗೂ ಆ ಊರನ್ನು ಬರಿಯ 'ಪಟ್ಟಣ' ಎಂದು ಕರೆಯುವುದುಂಟು; ನಾಣ್ಯದಲ್ಲಿಯೂ ಅದೇ ಹೆಸರು ನಿಂತಿದೆ. 1638ರಿಂದ 1659ರ ವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಅಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ, ನರಸಿಂಹಮೂರ್ತಿಯನ್ನುಳ್ಳ ಚಿಕ್ಕ ಚಿನ್ನದ ಹಣಗಳನ್ನು ಹೊರಡಿಸಿದರು. ಕಂಠೀರಾಯ ಹಣವೆಂದು ಹೆಸರಾದ ಆ ನಾಣ್ಯವು ಒಂದು ಬೇಳೆಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅನಂತರ ಹೈದರಾಲಿಯು ಶಿವಪಾರ್ವತಿಯರ ಮೂರ್ತಿಯನ್ನುಳ್ಳ ವರಹದ ಮಾದರಿಯನ್ನೇ ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲನೆಯ ಅಕ್ಷರವನ್ನು ಮಾತ್ರ ಒತ್ತಿಸಿದನು. ಹೀಗೆ ನಮ್ಮ ಕಡೆಯಲ್ಲಿ ದೊಡ್ಡ ವ್ಯವಹಾರಕ್ಕೆ ಚಿನ್ನ, ಸಂತೆಯ ವ್ಯವಹಾರಕ್ಕೆ ತಾಮ್ರ ಎಂಬುದೇ ವಾಡಿಕೆಯಾಗಿತ್ತು. ಮೈಸೂರಿನಲ್ಲಿ ದೊಡ್ಡ ಬೆಳ್ಳಿ ನಾಣ್ಯಗಳನ್ನು ವಿಶೇಷವಾಗಿ ಹೊರಡಿಸಿದವನು 1782ರ ಡಿಸೆಂಬರಿನಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನನು. ಅವನ ಟಂಕಸಾಲೆಗಳು ನಗರ, ಬೆಂಗಳೂರು, ಚಿತ್ರದುರ್ಗ, ಕಲ್ಲಿಕೋಟೆ ಮೊದಲಾದ ಅನೇಕ ಸ್ಥಳಗಳಲ್ಲಿದ್ದರೂ, ಬೆಳ್ಳಿಯ ಬಹುಭಾಗವು ಪಟ್ಟಣದಲ್ಲಿಯೇ ಅಚ್ಚಾಯಿತು.

ಈ ನಾಣ್ಯಗಳು ಯಂತ್ರದಿಂದ ಆದುವಲ್ಲ, ಸುತ್ತಿಗೆಯಿಂದ ಆದುವು. ಅದರ ಕ್ರಮವೇನೆಂದರೆ, ಬೆಳ್ಳಿಯನ್ನು ಕರಗಿಸಿ ಶುದ್ಧಮಾಡಿ, ಬೇಕಾದ ತೂಕಕ್ಕೆ ತುಂಡುಗಳನ್ನಾಗಿ ಮಾಡುವರು. ತೂಕ ಹೆಚ್ಚಾದರೆ ಅಂಚನ್ನು ಅರೆದು ಸರಿಮಾಡುವರು. ಆ ತುಂಡನ್ನು ಕಾಯಿಸಿ, ಬಡಿದು, ಬಿಲ್ಲೆಯಾಗಿಸುವರು. ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಿದ ಎರಡು ಉಕ್ಕಿನ ಅಚ್ಚುಗಳಿರುವುವು. ಒಂದು ಅಚ್ಚು ಕೆಳಗೆ ದಿಮ್ಮಿಯಲ್ಲಿ ನಾಟಿರುವುದು. ಅದರ ಮೇಲೆ ಬಿಲ್ಲೆಯನ್ನಿಟ್ಟು, ಎರಡನೆಯ ಅಚ್ಚನ್ನು ಮೇಲೆ ಹಿಡಿದು, ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಒಂದೇ ಏಟಿಗೆ ಎರಡು ಮುಖಗಳೂ ಮೂಡುವುವು. ಕೈ ಸ್ವಲ್ಪ ಜರುಗಿದರೆ ಬರಹವು ಒಂದು ಪಕ್ಕಕ್ಕೆ ಸರಿಯುವುದು. ಆದಕಾರಣ ಸುತ್ತಿಗೆಯ ನಾಣ್ಯಗಳಲ್ಲಿ ಒಂದು ಮತ್ತೊಂದನ್ನು ಪೂರ್ಣವಾಗಿ ಹೋಲುವುದಿಲ್ಲ. ಇಂಗ್ಲೆಂಡಿನಲ್ಲಿ 1662ರಿಂದ ಯಂತ್ರವು ಈ ಕೆಲಸವನ್ನು ವಹಿಸಿಕೊಂಡಿತು. ನಮ್ಮ ದೇಶದ ಅರಸರ ಟಂಕಸಾಲೆಗಳಲ್ಲಿ ಸುತ್ತಿಗೆಯು ಇನ್ನೂ ಬಹು ಕಾಲ ಉಳಿಯಿತು. ಪಟ್ಟಣದ ಕೆಲಸಗಾರರ ಕೈ ಎಷ್ಟು ನುರಿತಿದ್ದಿತೆಂಬುದಕ್ಕೆ ಟಿಪ್ಪುವಿನ ಎರಡು ರೂಪಾಯಿಯ ನಾಣ್ಯವೇ ಸಾಕ್ಷಿ. ಅಂಗೈಯ ನಡುವನ್ನು ತುಂಬುವಷ್ಟು ಅಗಲವಾದ ಆ ಬಿಲ್ಲೆಯ ಸುತ್ತಲೂ ಚುಕ್ಕೆಗಳ ಬಳೆ, ಅದರೊಳಗೆ ಬರಹ, ಎಡೆಯೆಡೆಯಲ್ಲಿ ಹೂವುಗಳು, ಎಲ್ಲವೂ ಅಚ್ಚುಕಟ್ಟಾಗಿವೆ.

ಟಿಪ್ಪುವು ಒಂದೊಂದು ಬೆಲೆಯ ನಾಣ್ಯಕ್ಕೂ ಒಂದೊಂದು ಹೆಸರನ್ನಿಟ್ಟನು. ಎರಡು ರೂಪಾಯಿಗೆ ಹೈದರಿ. ಇದು ಖಲೀಫರಾದ ಅಲಿಯವರ ಬಿರುದು, ಅವನ ತಂದೆಯ ಹೆಸರೂ ಹೌದು. ರೂಪಾಯಿಗೆ, ಹನ್ನೆರಡು ಮಂದಿ ಇಮಾಮರ ನೆನಪಿಗಾಗಿ, ಇಮಾಮಿ. ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ, ಎರಡಾಣೆಗೆ ಜಾಫರಿ, ಒಂದಾಣೆಗೆ ಕಾಜಿಮಿ. ಈ ನಾಲ್ಕೂ ನಾಲ್ಕನೆಯ ಇಮಾಮರಿಂದ ಏಳನೆಯವರ ವರೆಗೆ ಕ್ರಮವಾಗಿ ಬರುವ ಹೆಸರುಗಳು. ಅರ್ಧಾಣೆಗೆ ಖಿಜಿರಿ ಎಂದು ಹೆಸರು. ಆಣೆಯ ಲೆಕ್ಕವು 1957ರಲ್ಲಿ ನಿಂತುಹೋದುದರಿಂದ ಇಂದಿನ ಹುಡುಗಿಯರಿಗೆ ಹೇಳಬೇಕಾದುದೇನೆಂದರೆ, ರೂಪಾಯಿಗೆ ಹದಿನಾರು ಆಣೆ. ಹೈದರಿಯ ತೂಕ ಸುಮಾರು 23 ಗ್ರಾಂ, ಇಮಾಮಿಯದು ಸುಮಾರು 11.4 ಗ್ರಾಂ. ಅಲ್ಲಿಂದ ಕೆಳಗೆ ಒಂದೊಂದು ಮೆಟ್ಟಲಿಗೂ ತೂಕವು ಅರ್ಧರ್ಧವಾಗುತ್ತ ಹೋಗಿ, ಖಿಜಿರಿಯು ಗ್ರಾಮಿನ ಮೂರರಲ್ಲೊಂದು ಪಾಲಿನಷ್ಟೇ ಉಳಿಯುವುದು. ತಾಮ್ರದ ಕಾಸುಗಳಿಗೆ ಗುರು, ಶುಕ್ರ, ಕುಜ, ಧ್ರುವನಕ್ಷತ್ರ ಮೊದಲಾದವುಗಳ ಪಾರಸಿ ಅರಬಿ ಹೆಸರುಗಳು. ಇದರಿಂದ ನಮ್ಮ ಹುಡುಗಿಯು ತಂದ ಬಿಲ್ಲೆಯು ಇಮಾಮಿ, ಎಂದರೆ ಒಂದು ರೂಪಾಯಿ, ಎಂಬುದು ತೂಕದಿಂದಲೇ ಗೊತ್ತಾಯಿತು.

ಇನ್ನು ಬರಹ. ಹೈದರನ ಜಯದಿಂದ ಪ್ರವಾದಿಯವರ ಮತವು ಲೋಕದಲ್ಲಿ ಬೆಳಗುತ್ತಿದೆ ಎಂಬ ಅರ್ಥದ ವಾಕ್ಯವೂ, ಟಂಕಸಾಲೆಯ ಹೆಸರೂ, ವರ್ಷವೂ ಒಂದು ಮುಖದಲ್ಲಿವೆ. ಏಕೈಕನೂ ನ್ಯಾಯವಂತನೂ ಆದ ಸುಲ್ತಾನನ ಮಾತೂ, ಆಳಿಕೆಯ ವರ್ಷವೂ ಇನ್ನೊಂದು ಮುಖದಲ್ಲಿವೆ. ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕುದು. ಆ ಕಾಲದಲ್ಲಿ ಬೇರೆ ಸಂಸ್ಥಾನಗಳ ಅರಸರೂ ಇಂಗ್ಲಿಷ್ ಕಂಪನಿಯವರೂ ರೂಪಾಯಿಗಳನ್ನು ದಿಲ್ಲಿಯ ಬಾದಶಹನಾದ ಷಾ ಆಲಮನ ಹೆಸರಿನಲ್ಲಿ ಹೊರಡಿಸುತ್ತಿದ್ದರು. ಟಿಪ್ಪುವು ಆ ಹೆಸರನ್ನು ಹಾಕಿಸಲಿಲ್ಲ. ತನ್ನ ಸ್ವಂತ ಹೆಸರನ್ನೂ ಹಾಕಿಸಲಿಲ್ಲ. ಆದುದರಿಂದ ಇಂಥ ನಾಣ್ಯವು ಯಾರದೆಂದು ತಿಳಿಯಲು ಊರನ್ನೂ ವರ್ಷವನ್ನೂ ಓದಿಯೇ ತೀರಬೇಕು. ಆ ವರ್ಷವೇ ನಮ್ಮನ್ನು ತೊಡಕಿಗೆ ಸಿಕ್ಕಿಸಿದುದು.

ಪಾರಸಿ ಬರಹವು ಬಲದಿಂದ ಎಡಕ್ಕೆ ನಡೆಯುವುದಾದರೂ, ಅದರ ಅಂಕೆಗಳನ್ನು ನಮ್ಮ ಅಂಕೆಗಳ ಹಾಗೆಯೇ ಎಡದಿಂದ ಬಲಕ್ಕೆ ಓದುವುದು ರೂಢಿ. ಟಿಪ್ಪುವಿನ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ 1198, 1199, 1200 ಎಂದು ರೂಢಿಯಂತೆಯೇ ಇದೆ. 1787ರಲ್ಲಿ ಅವನು ಮೌಲೂದಿ ಎಂಬ ಹೊಸ ಶಕವನ್ನು ಜಾರಿಗೆ ತಂದು, ಅಂಕೆಗಳನ್ನೂ ಅಕ್ಷರಗಳಂತೆ ಬಲದಿಂದ ಎಡಕ್ಕೆ ಬರೆಯಬೇಕೆಂದು ಏರ್ಪಡಿಸಿದನು. ಹೀಗಾಗಿ 1200ನ್ನು ಹೊತ್ತ ನಾಣ್ಯದ ಮರುವರ್ಷವೇ 1215ನ್ನು ಹೊತ್ತ ನಾಣ್ಯವು ಹೊರಟಿತು, ಅದೂ ಹಿಂದುಮುಂದಾದ ಅಂಕೆಗಳಲ್ಲಿ! ನಮ್ಮ ಹುಡುಗಿಯು 6121 ಎಂದು ಓದಿದುದು ನಿಜವಾಗಿ 1216. ಮೌಲೂದಿ ವರ್ಷಕ್ಕೆ 572ನ್ನು ಕೂಡಿಸಿದರೆ ಅದು ಪ್ರಾರಂಭವಾದ ಕ್ರಿಸ್ತವರ್ಷ ದೊರೆಯುವುದು. ಆದುದರಿಂದ ಈ ರೂಪಾಯಿಯು 1788-89ರದು.

ವರ್ಷದ ಅಂಕೆಯ ಜತೆಯಲ್ಲಿ 'ಸಾರಾ' ಎಂಬ ಪದವೂ ಇತ್ತು. ಅದು ವರ್ಷದ ಹೆಸರು. ಪ್ರಭವ, ವಿಭವ ಎಂದು ಮೊದಲಾಗಿ ಅಕ್ಷಯದ ವರೆಗೆ ಅರುವತ್ತು ಸಂವತ್ಸರಗಳು ನಮ್ಮ ಪಂಚಾಂಗದಲ್ಲಿ ಇವೆಯಷ್ಟೆ. ಟಿಪ್ಪುವು ಆ ಅರುವತ್ತರ ಚಕ್ರವನ್ನೇ ತೆಗೆದುಕೊಂಡು, ಒಂದೊಂದು ಸಂವತ್ಸರಕ್ಕೂ ಹೊಸ ಹೆಸರನ್ನಿಟ್ಟನು. ಆ ಹೆಸರುಗಳನ್ನು ಮನಬಂದಂತೆ ಆರಿಸಲಿಲ್ಲ. ಅರಬಿ ಪಾರಸಿಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯ ಬೆಲೆ ಉಂಟು. ನಮ್ಮ ಶಾಸನಗಳಲ್ಲಿಯೂ ಸಂಖ್ಯೆಗಳನ್ನು ಪದಗಳಿಂದ ಸೂಚಿಸುವ ಪದ್ಧತಿ ಇದ್ದಿತು. ಪದದ ಅಕ್ಷರಗಳ ಬೆಲೆಯನ್ನು ಕೂಡಿಸಿದರೆ, ಆ ಸಂವತ್ಸರವು ಚಕ್ರದಲ್ಲಿ ಎಷ್ಟನೆಯದೆಂಬುದು ಬರುವುದು. ಹಿಜರಿ 1198ರ ನಾಣ್ಯದಲ್ಲಿ 'ಅಜಲ್' ಎಂದಿದೆ. ಅಲಿಫಿಗೆ 1, ಜೇ ಎಂಬುದಕ್ಕೆ 7, ಲಾಮಿಗೆ 30, ಒಟ್ಟು 38. ನಮ್ಮ ಚಕ್ರದಲ್ಲಿ 38ನೆಯದು ಕ್ರೋಧಿ. 1784-85 ಕ್ರೋಧಿ ಸಂವತ್ಸರವೇ. 1787ರಿಂದ ಅವನು ಅಕ್ಷರಗಳ ಬೆಲೆಯನ್ನು ಬದಲಿಸಿ, ಮಕ್ಕಳು ಅಕ್ಷರಮಾಲೆಯನ್ನು ಕಲಿಯುವ ಕ್ರಮದಲ್ಲಿಯೇ ಎಣಿಸುವಂತೆ ಮಾಡಿದನು. ಆ ಲೆಕ್ಕದಂತೆ 'ಸಾರಾ' ಎಂಬುದರಲ್ಲಿ ಸೀನಿಗೆ 30, ಅಲಿಫಿಗೆ 1, ರೇ ಎಂಬುದಕ್ಕೆ 10, ಮತ್ತೆ ಅಲಿಫಿಗೆ 1, ಒಟ್ಟು 42. ನಲವತ್ತೆರಡನೆಯದು ಕೀಲಕ. ತರಗತಿಯ ಹುಡುಗಿಯರೆಲ್ಲರೂ ಕಪ್ಪುಹಲಗೆಯ ಮೇಲೆ ಈ ಕೂಡುವ ಲೆಕ್ಕವನ್ನು ಎರಡು ಸಾರಿ ಮಾಡಿ ನೋಡಿದರು. ಪಾರಸಿಯ ಮುಸುಕಿನೊಳಗೆ ಯುಗಾದಿಯ ದಿನ ನಾವು ಪಂಚಾಂಗದಲ್ಲಿ ಕೇಳುವ ಹೆಸರೇ ಅಡಗಿದ್ದಿತು!

ಅರಸನೊಬ್ಬನು ನಾಣ್ಯದ ಮೇಲಿನ ವರ್ಷಕ್ಕಾಗಿ ಇಷ್ಟು ಶ್ರಮಪಟ್ಟುದೇಕೆಂದು ಕೆಲವರು ಕೇಳಬಹುದು. ಹಿಜರಿಯ ವರ್ಷವು ಶುದ್ಧ ಚಾಂದ್ರಮಾನದ್ದು; ಅದರಲ್ಲಿ 354 ಅಥವಾ 355 ದಿನಗಳು. ಸೂರ್ಯನ ವರ್ಷಕ್ಕಿಂತ ಅದು ಸುಮಾರು 11 ದಿನ ಕಡಮೆ. ಮೂವತ್ತಮೂರು ವರ್ಷಗಳಲ್ಲಿ ಈ ಕೊರತೆಯು ಒಂದು ಇಡೀ ವರ್ಷವಾಗುವುದು. ಆದರೆ ರಾಗಿಯೂ ಭತ್ತವೂ ಮಳೆಯನ್ನು ಹಿಡಿದು ಬೆಳೆಯುವುವು. ಮಳೆಯು ಸೂರ್ಯನನ್ನು ಹಿಡಿದು ಬರುವುದು. ಕಂದಾಯದ ವರ್ಷವೂ ಬೆಳೆಯ ವರ್ಷವೂ ಒಂದಕ್ಕೊಂದು ಹೊಂದದೆ ಹೋದರೆ, ಒಕ್ಕಣೆಗೆ ಮೊದಲೇ ರೈತನ ಬಾಗಿಲಿಗೆ ವಸೂಲಿಯವನು ಬಂದು ನಿಲ್ಲುವನು. ನಮ್ಮ ಪಂಚಾಂಗದಲ್ಲಿ ಅಧಿಕಮಾಸವನ್ನು ಸೇರಿಸಿ ಚಂದ್ರನನ್ನೂ ಸೂರ್ಯನನ್ನೂ ಹೊಂದಿಸುವರು. ಟಿಪ್ಪುವಿನ ಪಂಚಾಂಗವೂ ಹಾಗೆಯೇ ಯುಗಾದಿಯಿಂದ ತೊಡಗಿ, ಅಧಿಕಮಾಸವನ್ನು ಸೇರಿಸಿಕೊಂಡು ನಡೆಯುತ್ತಿದ್ದಿತು.

ಇದೇ ತೊಡಕನ್ನು ಐದು ಶತಮಾನಗಳ ಹಿಂದೆ ಬಹು ದೂರದ ಮತ್ತೊಬ್ಬ ಅರಸನೂ ಎದುರಿಸಿದ್ದನು. ಚೆಂಗೀಸಖಾನನ ವಂಶದವರಾದ ಮೊಗಲರು, ಎಂದರೆ ಮಂಗೋಲರು, ಪಾರಸಿಕ ದೇಶವನ್ನು ಗೆದ್ದು ಆಳುತ್ತಿದ್ದರು. ಅವರಲ್ಲಿ 1295ರಿಂದ 1304ರ ವರೆಗೆ ಆಳಿದ ಗಾಜಾನ ಖಾನನು ಬೆಳ್ಳಿಯ ನಾಣ್ಯವನ್ನು ದೇಶಕ್ಕೆಲ್ಲ ಒಂದೇ ತೂಕಕ್ಕೆ ತಂದನು. ಅವನ ನಾಣ್ಯಗಳೂ ಸುತ್ತಿಗೆಯವೇ. ಅವುಗಳಲ್ಲಿ ಅರಬಿ ಬರಹದ ಜತೆಯಲ್ಲಿ ಮಂಗೋಲರ ಮಾತಿನ ಬರಹವೂ ಇರುವುದು. ಅವನು 1302ರಲ್ಲಿ ಸೂರ್ಯನ ವರ್ಷವನ್ನು ಹಿಡಿದು ಖಾನಿ ಎಂಬ ಹೊಸ ಶಕವನ್ನು ತೊಡಗಿಸಿದನು. ಕಂದಾಯದ ಲೆಕ್ಕವು ಋತುವಿಗೆ ಹೊಂದಬೇಕೆಂಬುದೇ ಅದರ ಉದ್ದೇಶ. ಅವನ ವಂಶದ ಅಬೂ ಸಯೀದನ ಬೆಳ್ಳಿ ನಾಣ್ಯಗಳಲ್ಲಿ ಖಾನಿ 33 ಎಂಬ ವರ್ಷವು ಅಚ್ಚಾಗಿದೆ. ಇವರಿಬ್ಬರೂ ತಮ್ಮ ಬೆಳ್ಳಿಯ ಮೇಲೆ ಅರಮನೆಯ ಮಾತನ್ನು ಬರೆಯಿಸಿದರೂ, ಹೊಲದ ಕಾಲವನ್ನು ಮೀರಲಾರದೆ ಹೋದರೆಂಬುದು ನಮಗೆ ವಿಚಾರಕ್ಕೆ ಯೋಗ್ಯವಾಗಿ ತೋರಿತು.

ಈಗ ಅಕ್ಕಸಾಲಿಗನ ಮಾತಿಗೆ ಬರೋಣ. ಅವನು ಬಿಲ್ಲೆಯಲ್ಲಿ ಬೆಳ್ಳಿಯನ್ನು ಮಾತ್ರ ಕಂಡುದು ತಪ್ಪೆಂದು ನಾವು ಹೇಳುವುದಿಲ್ಲ. ಆ ಕಾಲದಲ್ಲಿಯೂ ಹಾಗೆಯೇ ಕಾಣುತ್ತಿದ್ದರು. ಚಿನಿವಾರರು ನಾಣ್ಯವನ್ನು ತೂಗಿ, ಒರೆಹಚ್ಚಿ, ಸವೆದುದಕ್ಕೆ ವಟ್ಟವನ್ನು ಹಿಡಿಯುತ್ತಿದ್ದರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪುವು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಅದು ಸಲ್ಲುವ ವರೆಗೆ ಅವನ ಚಿಕ್ಕ ಮಕ್ಕಳಿಬ್ಬರು ಒತ್ತೆಯಾಗಿ ಹೋಗಬೇಕಾಯಿತು. ಇಮಾಮಿಯ ತೂಕದಲ್ಲಿ ಎಣಿಸಿದರೆ ಅಷ್ಟು ಹಣವು 370 ಟನ್ನಿಗಿಂತ ಹೆಚ್ಚಿನ ಬೆಳ್ಳಿ. ಅದನ್ನು ವರಹವಾಗಿಯೋ, ಮೊಹರಾಗಿಯೋ, ಪೂರ್ಣ ತೂಕದ ರೂಪಾಯಿಯಾಗಿಯೋ, ಬರಿಯ ಚಿನ್ನ ಬೆಳ್ಳಿಯ ಗಟ್ಟಿಯಾಗಿಯೋ ಕೊಡಬಹುದೆಂದು ಒಪ್ಪಂದದಲ್ಲಿಯೇ ಬರೆದಿತ್ತು. ನಾಣ್ಯವೂ ಗಟ್ಟಿಯೂ ಒಂದೇ ಎಂದಮೇಲೆ, ಹಳೆಯ ನಾಣ್ಯವು ಮೂಸೆಗೆ ಹೋಗುವುದು ಸಹಜವೇ.

1799ರ ಮಾರ್ಚಿ 27ರಂದು ಮಳವಳ್ಳಿಯ ಬಯಲಿನಲ್ಲಿ ಯುದ್ಧವಾಯಿತು. ಮೇ 4ರಂದು ಪಟ್ಟಣದ ಕೋಟೆ ಬಿದ್ದು ಟಿಪ್ಪುವು ಮಡಿದನು. ಆ ಬಳಿಕ ಮೈಸೂರಿನ ರೂಪಾಯಿಯು ಷಾ ಆಲಮನ ಹೆಸರಿನಲ್ಲಿ ಹೊರಟಿತು. 1835ರಲ್ಲಿ ಕಂಪನಿಯವರು ತಮ್ಮ ಸೀಮೆಗೆಲ್ಲ ಒಂದೇ ತೂಕದ, ಯಂತ್ರದ ರೂಪಾಯಿಯನ್ನು ತಂದರು. ಬೆಂಗಳೂರಿಗೆ ಹೋಗಿದ್ದ ಮೈಸೂರಿನ ಟಂಕಸಾಲೆಯು 1843ರಲ್ಲಿ ಮುಚ್ಚಿತು. ಸಲ್ಲದೆ ಹೋದ ಹಳೆಯ ರೂಪಾಯಿಗಳಿಗೆ ಕುಪ್ಪಸದ ಗಂಟು, ಅರಿಸಿನದ ಡಬ್ಬಿ, ಅಕ್ಕಸಾಲಿಗನ ಮೂಸೆ, ಇವೇ ಉಳಿದ ಸ್ಥಳಗಳು. ಬೆಳ್ಳಿಯೇನೋ ಮೂಸೆಯಿಂದ ಅಷ್ಟೇ ತೂಕವಾಗಿ ಹೊರಬರುವುದು. ಊರಿನ ಹೆಸರು, ಸಂವತ್ಸರ, ಸುತ್ತಿಗೆ ಹಿಡಿದವನ ಕೈಯ ಗುರುತು, ಇವು ಹೊರಬರುವುದಿಲ್ಲ. ಗುಜರಾತಿನಲ್ಲಿ ಉಪದೇಶಿಯಾಗಿದ್ದ ಟೇಲರ್ ಎಂಬವರು 1914ರಲ್ಲಿಯೂ, ಮದ್ರಾಸಿನ ವಸ್ತುಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದ ಹೆಂಡರ್ಸನ್ ಎಂಬವರು 1921ರಲ್ಲಿಯೂ ಈ ನಾಣ್ಯಗಳನ್ನು ಕುರಿತು ಗ್ರಂಥಗಳನ್ನು ಬರೆದರು. ಮೂಸೆಯಿಂದ ಉಳಿದುಬಂದ ಬಿಲ್ಲೆಗಳನ್ನು ಒಂದೊಂದಾಗಿ ಓದಿಯೇ ಇಂಥ ಪಟ್ಟಿಗಳು ಆಗತಕ್ಕವು.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವು ಮಾತುಗಳನ್ನು ವಿಜ್ಞಾಪಿಸುವೆವು. ಮನೆಯಲ್ಲಿ ಇಂಥ ಬಿಲ್ಲೆಯು ದೊರೆತರೆ ಹುಣಿಸೆಹಣ್ಣು, ಬೂದಿ, ರಂಗೋಲಿಯ ಪುಡಿಗಳಿಂದ ತಿಕ್ಕಬೇಡಿರಿ. ಹೊಳಪಿನೊಡನೆ ಅಕ್ಷರವೂ ಸವೆಯುವುದು. ಸರಕ್ಕೆ ಕೋಯಲೆಂದು ಕೊಂಡಿಯನ್ನು ಬೆಸೆಯಿಸಬೇಡಿರಿ. ಬಿಲ್ಲೆಯ ಮೇಲೆ ತೆಳ್ಳನೆಯ ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ಉಜ್ಜಿದರೆ ಬರಹವು ಕಾಗದದ ಮೇಲೆ ಮೂಡುವುದು. ಮಕ್ಕಳೂ ಇದನ್ನು ಮಾಡಬಲ್ಲರು. ಆ ಕಾಗದದ ಮೇಲೆ ತೂಕವನ್ನೂ, ಅದು ಯಾರ ಕಡೆಯಿಂದ ಯಾವ ಊರಿನಿಂದ ಬಂದಿತೆಂಬುದನ್ನೂ ಬರೆದಿಡಿರಿ. ಎರಕ ಹೊಯ್ದ ನಕಲಿ ಬಿಲ್ಲೆಗಳೂ ಪೇಟೆಯಲ್ಲಿ ಉಂಟು. ಅವುಗಳ ಅಕ್ಷರವು ಮೊಂಡಾಗಿ, ಮೈಯಲ್ಲಿ ಸೂಜಿಯ ಮೊನೆಯಷ್ಟು ಗುಳಿಗಳು ಕಾಣುವುವು. ನೆಲವನ್ನು ಅಗೆಯುವಾಗ ನಾಣ್ಯಗಳ ಗಡಿಗೆ ಸಿಕ್ಕಿದರೆ ಕಾನೂನಿನಂತೆ ಅದನ್ನು ಜಿಲ್ಲೆಯ ಅಧಿಕಾರಿಗಳಿಗೆ ತಿಳಿಸತಕ್ಕುದು. ಬಚ್ಚಿಟ್ಟು ಹಂಚಿಕೊಂಡರೆ ಅಪರಾಧವೂ ಆಗುವುದು, ಚರಿತ್ರೆಯೂ ಕೆಡುವುದು.

ಎಂಟನೆಯ ದಿನ ಆ ಹುಡುಗಿಯು ಬಿಲ್ಲೆಯನ್ನೂ, ತಾನೇ ಉಜ್ಜಿ ತೆಗೆದ ಕಾಗದವನ್ನೂ, ಲೆಕ್ಕ ಬರೆದ ಪುಸ್ತಕವನ್ನೂ ಮನೆಗೆ ಕೊಂಡುಹೋದಳು. ಪಟ್ಟಣದ ಹೆಸರನ್ನೂ ಸುಲ್ತಾನನ ಹೆಸರನ್ನೂ ಅಜ್ಜಿಯು ಸುಮ್ಮನೆ ಕೇಳಿದರಂತೆ. ಕೀಲಕ ಸಂವತ್ಸರ ಎಂದೊಡನೆ ಬಿಲ್ಲೆಯನ್ನು ಕೈಗೆ ತೆಗೆದುಕೊಂಡರಂತೆ. ಅವರು ಹುಟ್ಟಿದುದೂ ಕೀಲಕದಲ್ಲಿಯೇ, 1968ರಲ್ಲಿ. ಅವರ ತಾಯಿಯು ಅದನ್ನು ಬಾಯಿಪಾಠವಾಗಿ ಹೇಳಿಕೊಟ್ಟಿದ್ದರು. ಅವರು ಬೆರಳು ಮಡಿಸಿ ಎಣಿಸಿ, ಇದು ನನಗಿಂತ ಮೂರು ಸುತ್ತು ದೊಡ್ಡದು ಎಂದರಂತೆ. ಮೂರು ಅರುವತ್ತುಗಳು, ನೂರ ಎಂಬತ್ತು ವರ್ಷಗಳು. ಲೆಕ್ಕವು ಸರಿಯಾಗಿಯೇ ಇದೆ. ಮುಂದಿನ ಕೀಲಕವು 2028ರ ಯುಗಾದಿಗೆ ಬರುವುದು.

ಅಕ್ಕನ ಕಾಲುಂಗುರವು ಬೇರೆ ಬೆಳ್ಳಿಯಿಂದ ಆಯಿತು. ಬಿಲ್ಲೆಯು ಕಾಗದದೊಡನೆ ಪೆಟ್ಟಿಗೆಯಲ್ಲಿಯೇ ಇದೆ.